ವರ್ಷದ ಅತಿ ದೊಡ್ಡ ಮಳೆ ಯಾವ ವಿತರಣೆಗೆ ಹೊಂದುತ್ತದೆ? ಸಂಭವನೀಯತಾ ನಕ್ಷೆಯಲ್ಲಿ ಪರೀಕ್ಷಿಸುವ ಕ್ರಮ

ಮೂಡಿಗೆರೆ, ಕೊಪ್ಪ ಭಾಗದ ಅನೇಕ ಕಾಫಿ ತೋಟಗಳಲ್ಲಿ ದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ (ಸೆಂಟೆಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಡುವ ರೂಢಿಯಿದೆ. ಅಂಥ ಪುಸ್ತಕದಿಂದ ಪ್ರತಿ ವರ್ಷ ಒಂದೇ ದಿನದಲ್ಲಿ ಸುರಿದ ಅತಿ ಹೆಚ್ಚು ಮಳೆಯನ್ನು ಆಯ್ದುಕೊಂಡರೆ, ಆ ಅಂಕಿಗಳು ಯಾವ ಸೈದ್ಧಾಂತಿಕ ವಿತರಣೆಯನ್ನು (ಯಾವ ಅಳತೆ ಎಷ್ಟು ಸಲ ಬರಬಹುದೆಂದು ಹೇಳುವ ಗಣಿತ ಸೂತ್ರವನ್ನು) ಅನುಸರಿಸುತ್ತವೆ ಎಂಬುದನ್ನು ಸಂಭವನೀಯತಾ ನಕ್ಷೆಯಲ್ಲಿ ನೋಡಬಹುದು; ವಿತರಣೆ ಹೊಂದಿದರೆ ಬಿಂದುಗಳು ನೇರ ಸಾಲಿನಲ್ಲಿ ಬೀಳುವಂತೆ ಅಕ್ಷವನ್ನು ಅಳವಡಿಸಿದ ನಕ್ಷೆ ಅದು. ಮೂವತ್ತು ಅಂಕಿಗಳ ಸ್ತಂಭಾಲೇಖ ಇಲ್ಲಿ ಸಾಲದು. ಕಂಬದ ಅಗಲ ಬದಲಿಸಿದರೆ ಅದರ ಆಕಾರವೇ ಬದಲಾಗುತ್ತದೆ. ಮೋರಿ ಕಟ್ಟುವವರಿಗೆ ಮುಖ್ಯವಾದ ಬಲತುದಿಯಲ್ಲಂತೂ ಒಂದೆರಡು ಕಂಬಗಳಷ್ಟೇ ಉಳಿಯುತ್ತವೆ. ಜಲಾಶಯಗಳ ಲೆಕ್ಕಕ್ಕಾಗಿ 1914ರಲ್ಲೇ ಅಮೆರಿಕದ ಎಂಜಿನಿಯರ್ ಅಲೆನ್ ಹೇಜನ್ ಇಂಥ ನಕ್ಷೆಗೆಂದೇ ಗೆರೆ ಹಾಕಿದ ಸಂಭವನೀಯತಾ ಕಾಗದವನ್ನು ಬಳಸಿದ್ದರು.

ಮೊದಲು ಅಳತೆಗಳನ್ನು ಮಿಲಿಮೀಟರಿಗೆ ಪರಿವರ್ತಿಸಿ; ಒಂದು ಇಂಚೆಂದರೆ 25.4 ಮಿ.ಮೀ. ಜುಲೈ, ಆಗಸ್ಟ್ ಪುಟಗಳು ಖಾಲಿಯಿರುವ ವರ್ಷವನ್ನು ಕೈಬಿಡಿ, ಸೊನ್ನೆ ತುಂಬಬೇಡಿ. ಉಳಿದವನ್ನು ಏರಿಕೆ ಕ್ರಮದಲ್ಲಿ ಜೋಡಿಸಿ, ಒಟ್ಟು n ಅಂಕಿಗಳಲ್ಲಿ i ನೆಯದಕ್ಕೆ p = (i − 0.44) ÷ (n + 0.12) ಎಂದು ಲೆಕ್ಕ ಹಾಕಿ; ಒಂದು ವರ್ಷದ ಗರಿಷ್ಠ ಮಳೆ ಆ ಅಂಕಿಯನ್ನು ಮೀರದಿರುವ ಸಂಭವನೀಯತೆಯ ಅಂದಾಜು ಈ p. ವಾರ್ಷಿಕ ಗರಿಷ್ಠಗಳಿಗೆ ಮೊದಲು ಪರೀಕ್ಷಿಸಬೇಕಾದದ್ದು ಗುಂಬೆಲ್ ವಿತರಣೆ, ಅಂದರೆ ಗರಿಷ್ಠ ಅಂಕಿಗಳಿಗೆಂದೇ ಬಳಸುವ ಒಂದು ವಿತರಣೆ; ಅದಕ್ಕೆ y = −ln(−ln p), ಇಲ್ಲಿ ln ಎಂದರೆ ಸ್ವಾಭಾವಿಕ ಲಾಗರಿದಮ್. ಮೂವತ್ತು ವರ್ಷಗಳ ದಾಖಲೆಯಲ್ಲಿ ಅತಿ ಚಿಕ್ಕ ಅಂಕಿಯ y ಸುಮಾರು −1.38, ಅತಿ ದೊಡ್ಡದರದು ಸುಮಾರು 3.98 ಆಗುತ್ತದೆ. y ಅನ್ನು ಅಡ್ಡ ಅಕ್ಷದಲ್ಲೂ ಮಳೆಯನ್ನು ಲಂಬ ಅಕ್ಷದಲ್ಲೂ ಗುರುತಿಸಿ. ವಿತರಣೆ ಹೊಂದುವುದಾದರೆ ಬಿಂದುಗಳು ಸರಳರೇಖೆಯ ಸುತ್ತ ನಿಲ್ಲುತ್ತವೆ. ಆ ರೇಖೆಯ ಇಳಿಜಾರು ಗುಂಬೆಲ್‌ನ ಹರಡಿಕೆಯ ಅಳತೆಯನ್ನು, y ಸೊನ್ನೆಯಿರುವಲ್ಲಿನ ಎತ್ತರ ಅದರ ಸ್ಥಾನವನ್ನು ಕೊಡುತ್ತವೆ.

ಬಲತುದಿ ರೇಖೆಯನ್ನು ಬಿಟ್ಟು ಮೇಲಕ್ಕೆ ಬಾಗಿದರೆ ದೊಡ್ಡ ಮಳೆಗಳು ಗುಂಬೆಲ್ ಹೇಳುವುದಕ್ಕಿಂತ ದೊಡ್ಡವು; ಕೆಳಕ್ಕೆ ಬಾಗಿದರೆ ಚಿಕ್ಕವು. ಅಕ್ಷಗಳನ್ನು ಅದಲುಬದಲು ಮಾಡಿ ಬರೆದ ನಕ್ಷೆಯಲ್ಲಿ ಈ ಅರ್ಥ ತಿರುವುಮುರುವಾಗುತ್ತದೆ. ಮೆಟ್ಟಿಲಿನಂತೆ ಕಂಡರೆ ಅಳತೆಯನ್ನು ದುಂಡಾಗಿಸಿ ಬರೆದಿರಬಹುದು. ರೇಖೆ ನಡುವೆ ಮುರಿದಂತಿದ್ದರೆ ದಿನಾಂಕಗಳನ್ನು ನೋಡಿ: ಕಡೂರಿನಂಥ ಬಯಲುಸೀಮೆಯಲ್ಲಿ ಕೆಲವು ವರ್ಷದ ಗರಿಷ್ಠ ಮುಂಗಾರಿನದು, ಕೆಲವದರದು ಹಿಂಗಾರಿನದು ಆಗಿದ್ದರೆ ಎರಡು ಬಗೆಯ ಮಳೆ ಒಂದೇ ಪಟ್ಟಿಯಲ್ಲಿ ಬೆರೆತಿರುತ್ತದೆ.

ಆದರೆ ಎಷ್ಟು ಬಾಗಿದರೆ ಅದನ್ನು ಬಾಗು ಎನ್ನಬೇಕು? ಬರಿಗಣ್ಣಿನ ತೀರ್ಪನ್ನು ನಾನು ಇಲ್ಲಿ ಒಪ್ಪುವುದಿಲ್ಲ. ಏರಿಕೆ ಕ್ರಮದಲ್ಲಿ ಜೋಡಿಸಿದ ಅಂಕಿಗಳು ಹೇಗಿದ್ದರೂ ರೇಖೆಯೊಂದಿಗೆ ಹೆಚ್ಚಿನ ಸಹಸಂಬಂಧವನ್ನು ತೋರಿಸುವುದರಿಂದ, ಆ ಗುಣಾಂಕವೊಂದನ್ನೇ ನಂಬುವುದೂ ತಪ್ಪು. ನೀವು ಪಡೆದ ಸ್ಥಾನ ಮತ್ತು ಹರಡಿಕೆಗಳನ್ನೇ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಗುಂಬೆಲ್‌ನಿಂದ ಮೂವತ್ತು ಮೂವತ್ತು ಅಂಕಿಗಳ ನೂರಾರು ಕೃತಕ ಪಟ್ಟಿಗಳನ್ನು ಉತ್ಪಾದಿಸಿ, ಅವನ್ನೂ ಅದೇ ನಕ್ಷೆಯಲ್ಲಿ ತೆಳುವಾಗಿ ಎಳೆಯಿರಿ. ನಡುಭಾಗ ಬಿಗಿಯಾಗಿಯೂ ಬಲತುದಿ ಬಹಳ ಅಗಲವಾಗಿಯೂ ಹರಡುವುದು ಕಾಣುತ್ತದೆ. ನಿಮ್ಮ ಬಿಂದುಗಳು ಆ ಪಟ್ಟೆಯಿಂದ ಹೊರಬಿದ್ದರೆ ಮಾತ್ರ ಗುಂಬೆಲ್ ಬಗ್ಗೆ ಸಂಶಯಪಡಿ. ನೂರು ವರ್ಷದ ಮಳೆಗೆ, ಅಂದರೆ ಯಾವುದೇ ವರ್ಷದಲ್ಲಿ ಮೀರುವ ಸಂಭವ ನೂರರಲ್ಲಿ ಒಂದಿರುವ (p = 0.99) ಮಳೆಗೆ, y 4.60, ಅಂದರೆ ಅದು ನಿಮ್ಮ ಕೊನೆಯ ಬಿಂದುವಿನಿಂದಾಚೆಗಿದೆ. ಆದ್ದರಿಂದ ಮೋರಿಯ ಅಳತೆಗೆ ಆ ಒಂದು ಅಂಕಿಯನ್ನಷ್ಟೇ ಕೊಡದೆ, ಪ್ರತಿ ಕೃತಕ ಪಟ್ಟಿಗೂ ಹೊಸ ರೇಖೆ ಹೊಂದಿಸಿ, ಅವು 4.60ರಲ್ಲಿ ತೋರುವ ಮಳೆಗಳ ಕೆಳಮಿತಿ, ಮೇಲ್ಮಿತಿಗಳನ್ನೂ ಜೊತೆಗೆ ಬರೆದುಕೊಡಿ.