ಎಚ್ಚಿಂಗ್ ನೀರಿಗೆ ಕರೆಂಟ್ ಕೊಡೋ ಮುಂಚೆ: ಎಲೆಕ್ಟ್ರೋಡ್ ಯಾವುದು ಹಾಕ್ಬೇಕು?

ಪಿಸಿಬಿ (ಎಲೆಕ್ಟ್ರಾನಿಕ್ಸ್ ಸರ್ಕ್ಯೂಟ್ ಬೋರ್ಡ್) ಮಾಡುವಾಗ ಬೇಡದ ತಾಮ್ರ ಕರಗಿಸಿ (ಇದೇ ಎಚ್ಚಿಂಗ್) ಉಳಿದ ಕ್ಲೋರೈಡ್ ನೀರಿಂದ ತಾಮ್ರ ತೆಗಿಯೋಣ ಅಂತ ಹೊರಟೋರು ಮೊದಲು ಎಡವೋದು ಪ್ಲಸ್ ಕಡೆ ಎಲೆಕ್ಟ್ರೋಡ್‌ನಲ್ಲಿ, ಅಂದ್ರೆ ಕರೆಂಟ್ ಕೊಡೋಕೆ ನೀರಲ್ಲಿ ಮುಳುಗಿಸೋ ಕಡ್ಡಿಲಿ. ನಾನು ಕೈಗೆ ಸಿಕ್ಕಿದ ಸ್ಟೀಲ್ ಚಮಚ ಹಾಕಿದ್ದೆ, ಸ್ವಲ್ಪ ಹೊತ್ತಲ್ಲೇ ತುದಿಯೆಲ್ಲ ತೂತು ತೂತು! ಕ್ಲೋರೈಡ್ ಸ್ಟೀಲನ್ನ ಬಿಡಲ್ಲ, ಅದರ ಕ್ರೋಮಿಯಂ, ನಿಕ್ಕಲ್ ಎರಡೂ ನೀರಿಗೆ ಇಳಿಯುತ್ತೆ, ಎರಡೂ ವಿಷ.

ಪ್ಲಸ್‌ಗೆ ಗ್ರಾಫೈಟ್ ಹಾಕಿ. ಹಳೇ ಸಾದಾ ಟಾರ್ಚ್ ಸೆಲ್ ಒಳಗಿನ ಕಾರ್ಬನ್ ಕಡ್ಡಿ ನಡಿಯುತ್ತೆ (ಆಲ್ಕಲೈನ್‌ನಲ್ಲಿ ಈ ಕಡ್ಡಿ ಇರಲ್ಲ, ಲಿಥಿಯಂ ಅಂತೂ ಬಿಚ್ಚಲೇಬೇಡಿ). ನಿಧಾನಕ್ಕೆ ಉದುರಿ ನೀರು ಕಪ್ಪಾಗುತ್ತೆ, ಸೋಸಿದ್ರೆ ಆಯ್ತು. ಪೆನ್ಸಿಲ್ ಕಡ್ಡಿಲಿ ಜೇಡಿಮಣ್ಣು ಸೇರಿರುತ್ತೆ, ಬೇಗ ಮುರಿಯುತ್ತೆ. ದುಡ್ಡಿದ್ರೆ ಎಂಎಂಒ (ಲೋಹದ ಆಕ್ಸೈಡ್‌ಗಳ ಮಿಶ್ರಣ) ಕೋಟಿಂಗ್ ಇರೋ ಟೈಟಾನಿಯಂ ತಗೊಳ್ಳಿ, ಬರೀ ಟೈಟಾನಿಯಂ ಮಾತ್ರ ಬೇಡ, ಅದರ ಮೇಲೆ ಆಕ್ಸೈಡ್ ಪದರ ಕೂತು ಕರೆಂಟೇ ಹರಿಯಲ್ಲ.

ಮೈನಸ್‌ಗೆ ತಾಮ್ರದ ಪಟ್ಟಿ ಸಾಕು. ಆದ್ರೆ ಕರೆಂಟ್ ಆಫ್ ಮಾಡಿ ಹಾಗೇ ಬಿಟ್ರೆ ಎಚ್ಚೆಂಟ್ (ತಾಮ್ರ ಕರಗಿಸೋ ಆ ನೀರು) ಅದನ್ನೇ ತಿನ್ನುತ್ತೆ, ಎತ್ತಿಡಿ. ನೀರಲ್ಲಿರೋ ಫೆರಿಕ್ ಕ್ಲೋರೈಡ್ (ತಾಮ್ರ ಕರಗಿಸೋ ಕಬ್ಬಿಣದ ಲವಣ) ಇನ್ನೂ ಕಸುವಾಗಿದ್ರೆ ತಾಮ್ರ ಕೂರೋದೇ ಇಲ್ಲ, ಮೊದಲು ಫೆರಿಕ್ ಎಲ್ಲ ಫೆರಸ್ (ಅದರ ಕಸುವು ಕಳೆದ ರೂಪ) ಆಗ್ಬೇಕು.

ಕರೆಂಟ್ ಜಾಸ್ತಿ ಮಾಡಿದ್ರೆ ಪ್ಲಸ್ ಕಡೆ ಕ್ಲೋರಿನ್ ಗ್ಯಾಸ್ ಬರುತ್ತೆ, ಅದಕ್ಕೇ ಬಯಲಲ್ಲೇ ಮಾಡಿ, ಬಾತ್‌ರೂಮಲ್ಲಿ ಬೇಡ್ವೇ ಬೇಡ. ವಾಸನೆ ಬಂದ್ರೆ ಪಕ್ಕಕ್ಕೆ ಸರಿದು ಸಪ್ಲೈ ಆಫ್ ಮಾಡಿ. ಕ್ರೊಕೊಡೈಲ್ ಕ್ಲಿಪ್ ನೀರಿಂದ ಆದಷ್ಟು ಮೇಲಿರ್ಲಿ, ಹಬೆಗೇ ಅದು ಹಸಿರು ಹಿಡಿಯುತ್ತೆ. ಉಳಿದ ನೀರನ್ನ ಸಿಂಕ್‌ಗೆ ಸುರೀಬೇಡಿ.