ಕಪ್ಪಗಿರುವುದೆಲ್ಲ ಎಣ್ಣೆಯಲ್ಲ

ಮೂರು ವರ್ಷದಿಂದ ಬೆಂಗಳೂರಿನ ಜೆ.ಪಿ. ನಗರದಲ್ಲಿ ಕೂತು ಅರಬ್ಬೀ ಸಮುದ್ರ ನೋಡುತ್ತಿದ್ದೇನೆ. ಉಪಗ್ರಹದ ರೇಡಾರ್ ಚಿತ್ರದಲ್ಲಿ ಎಣ್ಣೆ ಸೋರಿಕೆಯಂತೆ ಕಾಣುವುದು ನಿಜವಾಗಿ ಎಣ್ಣೆಯೇ ಎಂದು ಖಚಿತಪಡಿಸುವ ಸಾಫ್ಟ್‌ವೇರ್ ನನ್ನ ಕೆಲಸ.

ನನ್ನೂರು ಕುಮಟಾ ಕಡೆ. ಮಳೆಗಾಲದ ಮುಂಚೆ ದಂಡೆಗೆ ಬಂದು ಬೀಳುವ ಡಾಂಬರಿನ ಉಂಡೆ ತುಳಿದು, ಸೀಮೆಎಣ್ಣೆ ಹಚ್ಚಿ ಅಂಗಾಲು ಉಜ್ಜಿಕೊಂಡು ಬೆಳೆದವನು ನಾನು. 2017ರ ಜನವರಿಯಲ್ಲಿ ಚೆನ್ನೈ ಪಕ್ಕದ ಎನ್ನೋರ್ ಬಳಿ ಎರಡು ಹಡಗು ಡಿಕ್ಕಿಯಾಗಿ, ಜನ ಬಕೆಟ್‌ನಲ್ಲಿ ಎಣ್ಣೆ ಮೊಗೆಯುವುದನ್ನು ಟಿವಿಯಲ್ಲಿ ನೋಡಿದಾಗ ಕರುಳು ಹಿಂಡಿದಂತಾಗಿತ್ತು. ಈ ಕೆಲಸ ಸಿಕ್ಕಾಗ ಎರಡು ಸಲ ಯೋಚಿಸಲಿಲ್ಲ.

ಕಪ್ಪು ಕಲೆ ಹುಡುಕುವುದು ಸುಲಭ. ಗಾಳಿಗೆ ಏಳುವ ಕಿರು ಅಲೆಗಳು ರೇಡಾರ್ ಕಿರಣವನ್ನು ವಾಪಸ್ ಕಳಿಸುತ್ತವೆ. ಎಣ್ಣೆ ಆ ಅಲೆಗಳನ್ನು ಅಡಗಿಸುತ್ತದೆ, ಅಲ್ಲಿ ಚಿತ್ರ ಕಪ್ಪಾಗುತ್ತದೆ. ಯುರೋಪಿನ ರೇಡಾರ್ ಉಪಗ್ರಹ ಸೆಂಟಿನೆಲ್-1ರ ಚಿತ್ರಗಳು ಉಚಿತ, ಕಪ್ಪು ಕಲೆ ಗುರುತಿಸುವ ಸ್ನ್ಯಾಪ್ ತಂತ್ರಾಂಶವೂ ಉಚಿತ. ಎರಡೇ ವಾರದಲ್ಲಿ ಮೊದಲ ಆವೃತ್ತಿ ಓಡಿತು. ಒಂದು ಬೆಳಗಿನ ಚಿತ್ರದಲ್ಲಿ ನಲವತ್ತಕ್ಕೂ ಹೆಚ್ಚು ಸೋರಿಕೆ ತೋರಿಸಿತು, ಹೆಚ್ಚಿನವು ದಡದ ಹತ್ತಿರ.

ಗಾಬರಿಯಾಗಿ ಊರಿಗೆ ಫೋನ್ ಹಚ್ಚಿದೆ. ಸೋದರಮಾವ ದೋಣಿ ಇಟ್ಟುಕೊಂಡವರು. "ಬೆಳಿಗ್ಗೆ ಗಾಳಿ ಬಿದ್ದಾಗ ನೀರು ಎಣ್ಣೆ ಹಾಕಿದಂಗೇ ಇರ್ತದೆ, ತಮಾ. ಅದು ಎಣ್ಣೆ ಅಲ್ಲ" ಅಂದರು. ಉಪಗ್ರಹ ನಮ್ಮ ಕರಾವಳಿಯ ಮೇಲೆ ಹಾಯುವುದೂ ಬೆಳಿಗ್ಗೆ ಅಥವಾ ಸಂಜೆ ಆರರ ಸುಮಾರಿಗೇ. ನಾನು ಗಾಳಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಅಲ್ಲಿಂದ ಕೆಲಸದ ದಿಕ್ಕೇ ಬದಲಾಯಿತು. ಗಾಳಿ ಸೆಕೆಂಡಿಗೆ ಮೂರು ಮೀಟರ್‌ಗಿಂತ ಕಡಿಮೆಯಿದ್ದರೆ ಬರೀ ನೀರೂ ಕಪ್ಪು. ಹನ್ನೆರಡು ದಾಟಿದರೆ ತೆಳು ಎಣ್ಣೆ ಅಲೆಯಲ್ಲಿ ಕಲಸಿಹೋಗಿ ಕಾಣುವುದೇ ಇಲ್ಲ. ಭೂಮಿಯನ್ನು ಚೌಕಗಳಾಗಿ ಹಂಚಿ ಗಾಳಿಯ ಲೆಕ್ಕ ಕೊಡುವ ಇಆರ್‌ಎ5 ಹವಾಮಾನ ದತ್ತಾಂಶ ತಂದೆ. ಅದರ ಒಂದೊಂದು ಚೌಕ ಸುಮಾರು 28 ಕಿಲೋಮೀಟರ್. ದಡದ ಪಕ್ಕದ ಸಣ್ಣ ಕಲೆಗೆ ಅದು ಸಾಲದು. ಕೊನೆಗೆ ದಿಕ್ಕನ್ನು ಮಾತ್ರ ಅದರಿಂದ ಪಡೆದು, ವೇಗವನ್ನು ಕಲೆಯ ಸುತ್ತಲಿನ ನೀರಿನ ಹೊಳಪಿನಿಂದಲೇ ಲೆಕ್ಕ ಹಾಕಿದೆ. ಉತ್ತರಗಳನ್ನೂ ಮೂರು ಮಾಡಿದೆ: ಹೌದು, ಅಲ್ಲ, ಹೇಳಲಾಗದು. ಮೂರನೆಯದು ಬೇಡವೆಂದು ಆಫೀಸಿನಲ್ಲಿ ವಾದವಾಯಿತು, ನಾನು ಬಿಟ್ಟುಕೊಡಲಿಲ್ಲ. ಗಾಳಿಯೇ ಇಲ್ಲದ ಚಿತ್ರ ನೋಡಿ 'ಹೌದು' ಅಂದರೆ ಕರಾವಳಿ ಕಾವಲಿನವರು ಸುಮ್ಮನೆ ಡೀಸೆಲ್ ಸುಟ್ಟು ಹೋಗಿಬರಬೇಕು. ಎರಡು ಸಲ ಹಾಗಾದರೆ ಮೂರನೇ ಸಲ ಯಾರು ಹೊರಡುತ್ತಾರೆ?

ಒಂದು ಕಲೆ ಇನ್ನೂ ಕಣ್ಣಿಗೆ ಕಟ್ಟಿದೆ. ಹನ್ನೊಂದು ಕಿಲೋಮೀಟರ್ ಉದ್ದದ ಸಪೂರ ಗೆರೆ. ಒಂದು ಅಂಚು ನೀಟಾಗಿ ಕತ್ತರಿಸಿದಂತೆ, ಇನ್ನೊಂದು ಸೆರಗಿನ ನೂಲು ಬಿಚ್ಚಿಕೊಂಡಂತೆ. ಸುತ್ತಲಿನ ನೀರಿಗಿಂತ 7 ಡೆಸಿಬೆಲ್ ಕಪ್ಪು, ಅಂದರೆ ವಾಪಸ್ ಬಂದ ಶಕ್ತಿ ಐದರಲ್ಲಿ ಒಂದು ಪಾಲು ಮಾತ್ರ. ಗಾಳಿಯೂ ಹದವಾಗಿತ್ತು. ಆದರೂ ಸಾಫ್ಟ್‌ವೇರ್ 'ಅಲ್ಲ' ಎಂದಿತು. ಕಾರಣ, ಸಾಗುತ್ತಲೇ ಎಣ್ಣೆ ಚೆಲ್ಲಿದ ಹಡಗು ಗೆರೆಯ ತುದಿಯಲ್ಲಿರಬೇಕು, ಅಲ್ಲಿ ಇರಲಿಲ್ಲ. ಹಡಗಿನ ಬಿಳಿ ಚುಕ್ಕಿ ಅರ್ಧ ಕಿಲೋಮೀಟರ್ ಪಕ್ಕಕ್ಕಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ಚಲಿಸುವ ವಸ್ತುವನ್ನು ಈ ರೇಡಾರ್ ಅದರ ನಿಜವಾದ ಜಾಗದಲ್ಲಿ ತೋರಿಸುವುದಿಲ್ಲ, ಉಪಗ್ರಹ ಸಾಗುವ ದಿಕ್ಕಿನಲ್ಲಿ ಹಿಂದಕ್ಕೋ ಮುಂದಕ್ಕೋ ಸರಿಸಿಬಿಡುತ್ತದೆ. ಹಡಗುಗಳು ಪ್ರಸಾರ ಮಾಡುವ ಎಐಎಸ್ ಸಂದೇಶದಿಂದ ವೇಗ, ದಿಕ್ಕು ತೆಗೆದು ತಿದ್ದಿದೆ. ಚುಕ್ಕಿ ಬಂದು ಗೆರೆಯ ತುದಿಗೆ ಸರಿಯಾಗಿ ಕೂತಿತು. ಅದನ್ನು ನೋಡಿದ ಖುಷಿಗಿಂತ, ತಿದ್ದುವ ಮೊದಲು ಇಂಥವು ಎಷ್ಟನ್ನು ಬಿಟ್ಟೆನೋ ಎಂಬ ಸಂಕಟವೇ ಹೆಚ್ಚಾಗಿತ್ತು. ಹಳೆಯ ಚಿತ್ರಗಳನ್ನೆಲ್ಲ ಮತ್ತೆ ಓಡಿಸಿದೆ.

ಪಾಚಿಯ ಜಿಡ್ಡು ಮಾತ್ರ ಈಗಲೂ ಕಾಡುತ್ತದೆ. ಅದೂ ಅಲೆ ಅಡಗಿಸುತ್ತದೆ, ಅದರ ಕಪ್ಪೂ ಎಣ್ಣೆಯಂಥದ್ದೇ. ಅಂಥದ್ದು ಬಂದಾಗ ಕ್ಯಾಮೆರಾ ಇರುವ ಉಪಗ್ರಹ ಸೆಂಟಿನೆಲ್-2ರ ಬಣ್ಣದ ಚಿತ್ರ ತೆಗೆದು ನಾನೇ ಕಣ್ಣಾರೆ ನೋಡುತ್ತೇನೆ. ಮೋಡ ಮುಚ್ಚಿದ್ದರೆ 'ಹೇಳಲಾಗದು' ಎಂದೇ ಬರೆದು ಕಳಿಸುತ್ತೇನೆ.