ಮುಚ್ಚಳದ ಜೊತೆ ಗುದ್ದಾಡುವ ಮೊದಲು ಒಂದು ಚಮಚ ತಗೊಳ್ಳಿ

ಗಾಜಿನ ಜಾಡಿಯ ಲೋಹದ ಮುಚ್ಚಳ ಎಷ್ಟು ತಿರುಗಿಸಿದರೂ ಬರುತ್ತಿಲ್ಲವೇ? ಸುಮ್ನೆ ಕೈ ನೋಯಿಸಿಕೊಳ್ಳಬೇಡಿ. ಅದನ್ನು ಬಿಗಿ ಹಿಡಿದಿರುವುದು ಹೊರಗಿನ ಗಾಳಿ.

ಬಿಸಿಯಿದ್ದಾಗಲೇ ತುಂಬಿ ಮುಚ್ಚಿದ ಜಾಡಿ ತಣ್ಣಗಾದಾಗ ಒಳಗಿನ ಆವಿ ನೀರಾಗುತ್ತದೆ, ಒತ್ತಡ ಇಳಿಯುತ್ತದೆ. ಹೊರಗಿನ ಗಾಳಿ ಮಾತ್ರ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಭಾರದಷ್ಟು ಒತ್ತುತ್ತಲೇ ಇರುತ್ತದೆ. 7 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ ಅದು ಹತ್ತಿರ ಹತ್ತಿರ 40 ಕಿಲೋ! ಒಳಗಿನ ಒತ್ತಡ ಅರ್ಧಕ್ಕೆ ಇಳಿದಿದ್ದರೂ 20 ಕಿಲೋ ಮೂಟೆ ಮೇಲೆ ಕೂತ ಹಾಗೆ. ಒತ್ತಿದಷ್ಟೂ ಘರ್ಷಣೆ ಜಾಸ್ತಿ ಅಲ್ವಾ, ಅದಕ್ಕೇ ತಿರುಗುವುದಿಲ್ಲ.

ಚಮಚದ ಹಿಡಿಯ ತುದಿಯನ್ನು ಮುಚ್ಚಳದ ಅಂಚಿನ ಕೆಳಗೆ ಸಿಕ್ಕಿಸಿ, ಮೆಲ್ಲಗೆ ಹೊರಕ್ಕೆ ಮೀಟಿ. 'ಟಪ್' ಅಂತ ಸದ್ದು ಬರುತ್ತದೆ, ಮುಚ್ಚಳದ ನಡುವಿನ ತಗ್ಗು ಮೇಲೇಳುತ್ತದೆ. ಗಾಳಿ ಒಳಗೆ ಹೋಯಿತು ಅಂತ ಅರ್ಥ. ಆಮೇಲೆ ಸಲೀಸಾಗಿ ತಿರುಗುತ್ತದೆ. ನನಗೆ ಆ ಸದ್ದು ಕೇಳುವುದೇ ಒಂದು ಖುಷಿ.

ಚಾಕು ಮಾತ್ರ ಬೇಡ, ಜಾರಿದರೆ ಕೈಗೇ ಬರುತ್ತದೆ. ಇನ್ನೊಂದು ಮಾತು: ಇನ್ನೂ ತೆರೆಯದ ಜಾಡಿಯ ಮುಚ್ಚಳ ಮೊದಲೇ ಉಬ್ಬಿದ್ದರೆ ಒಳಗಿನದನ್ನು ರುಚಿ ಕೂಡ ನೋಡಬೇಡಿ.